ಸೋಲೋ ಟ್ರೆಕ್‌ಗೆ ಹೊರಡೋ ಮುಂಚೆ ಮನೇಲಿ ಏನೇನ್ ಬಿಟ್ಟು ಹೋಗ್ಬೇಕು

ಸೋಲೋ ಟ್ರೆಕ್ ಅಂತ ಹುಡುಕಿದ್ರೆ ಬ್ಯಾಗಲ್ಲಿ ಏನ್ ತುಂಬ್ಕೋಬೇಕು ಅಂತ ಹೇಳೋರು ಸಾವಿರ ಜನ ಸಿಗ್ತಾರೆ, ಯಾವ ಶೂ, ಯಾವ ಜಾಕೆಟ್, ಎಷ್ಟು ಲೀಟರ್ ಬ್ಯಾಗು, ಅದಕ್ಕೆ ಆಫರ್ ಎಲ್ಲಿದೆ ಅಂತ. ಮನೇಲಿ ಏನ್ ಬಿಟ್ಟು ಹೋಗ್ಬೇಕು ಅಂತ ಹೇಳೋರು ಮಾತ್ರ ಕಮ್ಮಿ. ನಾನ್ ಬರೀತಿರೋದು ಅದನ್ನ. ಯಾಕಂದ್ರೆ ದಾರಿ ತಪ್ಪೋದು ಯಾರಿಗಾದ್ರೂ ಆಗುತ್ತೆ, ಎಷ್ಟು ಹುಷಾರಿದ್ರೂ ಆಗುತ್ತೆ, ಆದ್ರೆ ತಪ್ಪಿದ ಮೇಲೆ ಸಿಗ್ತೀರೋ ಇಲ್ವೋ ಅನ್ನೋದು ಮುಕ್ಕಾಲು ಪಾಲು ಹೊರಡೋ ಮುಂಚೇನೇ ತೀರ್ಮಾನ ಆಗೋಗಿರುತ್ತೆ.

ಒಂದು ಕೇಸ್ ಹೇಳ್ತೀನಿ, ಖೀರ್‌ಗಂಗಾಗೆ ಹೋಗಿ ಬಂದೋರಿಗೆ ಗೊತ್ತಿರಬಹುದು. 2016ರಲ್ಲಿ ಹಿಮಾಚಲದ ಪಾರ್ವತಿ ಕಣಿವೇಲಿ ಜಸ್ಟಿನ್ ಅಲೆಕ್ಸಾಂಡರ್ ಶೆಟ್ಲರ್ ಅಂತ ಒಬ್ಬ ಅಮೆರಿಕದವನು ಕಾಣೆಯಾದ, ವಯಸ್ಸು 35. ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತೋಕೆ ಬರೋ ವೀಕೆಂಡ್ ಗಿರಾಕಿ ಅಲ್ಲ ಅವನು. ಕಾಡಲ್ಲಿ ಬದುಕೋದು, ಹೆಜ್ಜೆ ಜಾಡು ಹಿಡಿಯೋದು ಎಲ್ಲಾ ಚಿಕ್ಕ ವಯಸ್ಸಲ್ಲೇ ಕಲ್ತಿದ್ದ, ಬೇರೆಯೋರಿಗೆ ಕಲಿಸಿಯೂ ಇದ್ದ. ಕೆಲ್ಸ ಬಿಟ್ಟು ದೇಶ ದೇಶ ಸುತ್ತಿ, ಬುಲೆಟ್ ಓಡಿಸ್ಕೊಂಡು ಹಿಮಾಚಲಕ್ಕೆ ಬಂದು, ಖೀರ್‌ಗಂಗಾ ಹತ್ರ ಒಂದು ಗುಹೇಲಿ ಕೆಲವು ವಾರ ಇದ್ದ. ಅಲ್ಲೊಬ್ಬ ಸಾಧು ಪರಿಚಯ ಆದ. ಅವನ ಜೊತೆ ಮೇಲೆ ಮಂತಲಾಯಿ ಸರೋವರಕ್ಕೆ ಹೋಗ್ತೀನಿ, ಸೆಪ್ಟೆಂಬರ್ ಮಧ್ಯಕ್ಕೆಲ್ಲಾ ಬಂದ್ಬಿಡ್ತೀನಿ, ಬರ್ಲಿಲ್ಲ ಅಂದ್ರೆ ಹುಡುಕ್ಬೇಡಿ ಅಂತ ಬ್ಲಾಗಲ್ಲಿ ತಮಾಷೆಗೆ ಬರ್ದು ಹೋದ.

ಸಾಧು ಕೆಳಗೆ ಬಂದ, ಇವನು ಬರ್ಲಿಲ್ಲ.

ಆಮೇಲೆ ತಾಯಿ ಅಮೆರಿಕದಿಂದ ಬಂದ್ರು, ಹುಡುಕೋ ತಂಡ ಮೇಲೆ ಹೋಯ್ತು, ಹೆಲಿಕಾಪ್ಟರ್ ಹಾರ್ತು. ಸಿಕ್ಕಿದ್ದು ನದಿ ಕಡೆಗಿನ ಕಡಿದಾದ ಇಳಿಜಾರಲ್ಲಿ ಬ್ಯಾಗಿನ ಮಳೆ ಕವರ್, ಒಂದು ಸ್ಕಾರ್ಫು, ಲೈಟರ್, ನಡೆಯೋ ಕೋಲು, ಅಷ್ಟೇ. ಪೊಲೀಸ್ನೋರು ಸಾಧುನ ಹಿಡ್ಕೊಂಡ್ ಹೋದ್ರು, ಅವನು ಕಸ್ಟಡಿಯಲ್ಲೇ ಸತ್ತ, ನೇಣು ಹಾಕ್ಕೊಂಡ ಅಂತ ಪೊಲೀಸರ ಹೇಳಿಕೆ. ದೇಹ ಇವತ್ತಿಗೂ ಸಿಕ್ಕಿಲ್ಲ. ಕೊಲೆ ಅಂತಾರೆ, ಜಾರಿ ನದಿಗೆ ಬಿದ್ದ ಅಂತಾರೆ, ಇನ್ನೊಂದಿಷ್ಟು ಜನ ಅವನು ಬಾಬಾ ಆಗಿ ಎಲ್ಲೋ ಗುಹೇಲಿ ಆರಾಮಾಗಿದ್ದಾನೆ ಅಂತಾರೆ. ಈ ಕೊನೆಯವ್ರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ, ಮಗ ಬರ್ತಾನೆ ಅಂತ ಕಾಯ್ತಿರೋ ತಾಯಿ ಕಣ್ಣಿಗೆ ಅದು ಬಿದ್ರೆ ಏನಾಗ್ಬೇಡ. ಅದೇ ಕಣಿವೇಲಿ 1990ರ ದಶಕದಿಂದ ಈಚೆಗೆ ಕಾಣೆಯಾದ ವಿದೇಶಿಗರು ಎರಡು ಡಜನ್ ಮೇಲೆ ಅಂತ ಪತ್ರಿಕೆಗಳು ಲೆಕ್ಕ ಕೊಡ್ತವೆ.

ಆ ಬ್ಲಾಗ್ ಸಾಲನ್ನೇ ಇನ್ನೊಂದ್ಸಲ ನೋಡಿ. "ಸೆಪ್ಟೆಂಬರ್ ಮಧ್ಯ" ಅಂದ್ರೆ ಯಾವತ್ತು? 13ಕ್ಕಾ, 15ಕ್ಕಾ, 20ಕ್ಕಾ? ಅದರ ಮೇಲೆ ಹುಡುಕ್ಬೇಡಿ ಅಂತ ಬೇರೆ. ಮನೆಯವರು ಯಾವ ದಿನ ಗಾಬರಿ ಆಗ್ಬೇಕು ಅಂತ ಅವರಿಗೇ ಗೊತ್ತಾಗದ ಹಾಗೆ ಮಾಡಿ ಹೋದ. ಅವನಿಗಿದ್ದ ಕಾಡಿನ ವಿದ್ಯೆ ನಮಗ್ಯಾರಿಗೂ ಇಲ್ಲ, ಆದ್ರೆ ಒಂದು ಹಾಳೆ ಬರೆದಿಡೋಕೆ ವಿದ್ಯೆ ಬೇಕಾಗಿಲ್ಲ.

ಆ ಒಂದು ಹಾಳೆ

ವಾಟ್ಸಾಪಲ್ಲಿ ಕಳ್ಸಿದ್ರೆ ಸಾಲ್ದು, ಗುಡ್ ಮಾರ್ನಿಂಗ್ ಮೆಸೇಜ್‌ಗಳ ಕೆಳಗೆ ಹೂತು ಹೋಗುತ್ತೆ. ಕೈಯಲ್ಲಿ ಬರ್ದು ಕ್ಯಾಲೆಂಡರ್ ಹಿಂದೆ ಸಿಗ್ಸಿ, ಅದ್ರದ್ದೇ ಫೋಟೋ ತೆಗ್ದು ಇನ್ನೊಬ್ಬ ಫ್ರೆಂಡ್‌ಗೆ ಕಳ್ಸಿ. ಅದರಲ್ಲಿ ಮೊದಲು ದಾರಿ ಇರ್ಬೇಕು. "ಹಿಮಾಚಲ ಟ್ರೆಕ್" ಅಂತ ಬರೆದ್ರೆ ಏನೂ ಬರೀದೇ ಇದ್ದಂಗೆ. ಭುಂತರ್‌ನಲ್ಲಿ ಬಸ್ ಇಳೀತೀನಿ, ಕಸೋಲ್‌ನಲ್ಲಿ ಈ ಹೋಂಸ್ಟೇ, ಬರ್ಶೈಣಿಯಿಂದ ನಡಿಗೆ ಶುರು, ಖೀರ್‌ಗಂಗಾ, ತುಂಡಾ ಭುಜ್, ಠಾಕುರ್ ಕುಆನ್, ಓಡಿ ಥಾಚ್, ಮಂತಲಾಯಿ, ಯಾವ ರಾತ್ರಿ ಎಲ್ಲಿ ಮಲಗ್ತೀನಿ ಅಂತ ತಾರೀಖು ಹಾಕಿ. ಮಳೆ ಬಂದ್ರೆ, ಕಾಲು ನೋವಾದ್ರೆ ಯಾವ ದಾರೀಲಿ ವಾಪಸ್ ಬರ್ತೀನಿ ಅನ್ನೋದನ್ನೂ ಬರೀರಿ. ಜನ ಪ್ಲ್ಯಾನ್ ಎ ಬರೀತಾರೆ, ಕಾಣೆಯಾಗೋದು ಪ್ಲ್ಯಾನ್ ಬಿ ಮಾಡ್ವಾಗ.

ಆಮೇಲೆ ಎರಡು ಟೈಮ್ ಬರೀರಿ. ಒಂದು ನೀವು ಫೋನ್ ಮಾಡೋ ಟೈಮ್. ಇನ್ನೊಂದು, ಫೋನ್ ಬರ್ಲಿಲ್ಲ ಅಂದ್ರೆ ಮನೆಯವರು ಯೋಚ್ನೆ ಮಾಡ್ದೆ ಪೊಲೀಸ್‌ಗೆ ಕರೆ ಮಾಡ್ಬೇಕಾದ ಟೈಮ್, ಇದು ತಾರೀಖು ಗಂಟೆ ಸಮೇತ: "18ನೇ ತಾರೀಖು ಸಂಜೆ 6". ಎರಡರ ಮಧ್ಯೆ ಅರ್ಧ ದಿನ ಇಟ್ಕೊಳ್ಳಿ, ಬಸ್ ಕೆಡಬಹುದು, ನೆಟ್‌ವರ್ಕ್ ಇರದೇ ಇರಬಹುದು. ಆ ಎರಡನೇ ಟೈಮ್ ದಾಟಿದ್ರೆ ಮರ್ಯಾದೆ ಪ್ರಶ್ನೆ ಇಲ್ಲ, ಅವ್ನು ಬೈತಾನೆ ಅನ್ನೋ ಸಂಕೋಚ ಇಲ್ಲ ಅಂತ ಮನೇಲಿ ಬಾಯ್ಬಿಟ್ಟು ಹೇಳಿ ಹೋಗಿ. ನಮ್ಮ ಅಮ್ಮಂಗೆ ನಾನು ಹೇಳಿದ್ದೆ, ಅವ್ರು ಆ ಟೈಮಿಗೆ ಇಪ್ಪತ್ತು ನಿಮಿಷ ಮುಂಚೇನೇ ಕೈಯಲ್ಲಿ ಫೋನ್ ಹಿಡ್ಕೊಂಡು ಕೂತಿದ್ರಂತೆ, ಪರವಾಗಿಲ್ಲ, ಅಷ್ಟು ಅವಸರ ಇರೋರೇ ಬೇಕು ಈ ಕೆಲ್ಸಕ್ಕೆ.

ಅದೇ ಹಾಳೇಲಿ ಬ್ಯಾಗಿನ ಬಣ್ಣ, ಜಾಕೆಟ್ ಬಣ್ಣ, ಟೆಂಟ್ ಬಣ್ಣ, ಎಷ್ಟು ದಿನದ ಊಟ ಇದೆ, ಕನ್ನಡಕ ಇದ್ಯಾ, ಯಾವ ಮಾತ್ರೆ ತಗೋತೀರ, ಫೋನಿನ ಐಎಂಇಐ ನಂಬರ್ (*#06# ಒತ್ತಿದ್ರೆ ಬರುತ್ತೆ). ಹೊರಡೋ ದಿನ ಪೂರ್ತಿ ಗೆಟಪ್ಪಲ್ಲಿ ನಿಂತು ಒಂದು ಫೋಟೋ, ಮುಂದಿಂದ ಒಂದು ಹಿಂದಿಂದ ಒಂದು. ಹಿಂದಿಂದ ಯಾಕೆ ಅಂದ್ರೆ ದಾರೀಲಿ ಜನ ನಿಮ್ಮ ಮುಖ ನೋಡಿರಲ್ಲ, ಬ್ಯಾಗ್ ನೋಡಿರ್ತಾರೆ.

ಇನ್ನೊಂದು ಟ್ರಿಕ್ ಇದೆ, ತುಂಬಾ ಇಷ್ಟ ನಂಗೆ. ಚಪಾತಿ ಸುತ್ತೋ ಫಾಯಿಲ್ ಪೇಪರ್‌ನ ಟವೆಲ್ ಮೇಲೆ ಹಾಸಿ, ಟ್ರೆಕಿಂಗ್ ಶೂ ಹಾಕ್ಕೊಂಡು ಒಂದು ಹೆಜ್ಜೆ ಗಟ್ಟಿಯಾಗಿ ಇಡಿ. ಶೂ ಅಡಿಯ ಡಿಸೈನ್ ಅಚ್ಚು ಹಾಗೇ ಬೀಳುತ್ತೆ, ಎಲ್ಲಿ ಎಷ್ಟು ಸವೆದಿದೆ ಅನ್ನೋದೂ ಗೊತ್ತಾಗುತ್ತೆ. ಅದನ್ನ ಮನೇಲಿಟ್ಟು ಹೋಗಿ. ಹುಡುಕೋರು ಕೆಸರಲ್ಲಿ ನೂರು ಹೆಜ್ಜೆ ನೋಡ್ತಾರೆ, ಯಾವ್ದು ನಿಮ್ದು ಅಂತ ಹೇಳೋದು ಇದು ಒಂದೇ. 1981ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದಲ್ಲಿ 9 ವರ್ಷದ ಹುಡ್ಗ ಒಬ್ಬ ಕಳೆದುಹೋಗಿ ಸತ್ತ, ಆಮೇಲೆ ಮಕ್ಕಳಿಗೆ ಅಂತ ಅಲ್ಲಿ ಶುರು ಮಾಡಿದ ತರಬೇತೀಲಿ ಇದನ್ನ ಕಲಿಸ್ತಾರೆ. ದಾರಿ ತಪ್ಪಿದ್ರೆ ಒಂದು ಮರ ತಬ್ಕೊಂಡು ಅಲ್ಲೇ ಇರು ಅಂತ ಹೇಳ್ಕೊಡೋದೂ ಅದರಲ್ಲೇ.

ದಾರೀಲೂ ಬಿಟ್ಕೊಂಡು ಹೋಗ್ಬೇಕು. ಢಾಬಾದಲ್ಲಿ ಚಾ ಕುಡಿದ್ರೆ ಹೆಸರು ಹೇಳಿ, ಎಲ್ಲಿಗೆ ಹೋಗ್ತಿದೀನಿ, ಯಾವತ್ತು ವಾಪಸ್ ಬರ್ತೀನಿ ಅಂತ ಹೇಳಿ. ಖೀರ್‌ಗಂಗಾ ದಾಟಿದ ಮೇಲೆ ಸಿಗೋದು ಕುರಿ ಮೇಯಿಸೋ ಗದ್ದಿ ಜನ, ಅಲ್ಲಿನ ಥಾಚ್‌ಗಳಲ್ಲಿ, ಅಂದ್ರೆ ಹುಲ್ಲುಗಾವಲಲ್ಲಿ, ಬೇಸಿಗೆ ಪೂರ್ತಿ ಇರ್ತಾರೆ, ಚಳಿ ಶುರುವಾಗೋ ಹೊತ್ತಿಗೆ ಕೆಳಗೆ ಇಳೀತಾರೆ. ಅವರ ಹತ್ರ ಎರಡು ನಿಮಿಷ ನಿಂತು ಮಾತಾಡಿ, ಒಂದು ಬಿಸ್ಕೆಟ್ ಪ್ಯಾಕ್ ಕೊಡಿ. ನಿಮ್ಮನ್ನ ಕೊನೇದಾಗಿ ಎಲ್ಲಿ ನೋಡಿದ್ರು ಅನ್ನೋ ಒಂದು ಚುಕ್ಕಿ ಮೇಲೇನೇ ಹುಡುಕಾಟ ಪೂರ್ತಿ ನಿಂತಿರುತ್ತೆ, ಆ ಚುಕ್ಕಿ ಹತ್ತು ಕಿಲೋಮೀಟರ್ ಹಿಂದಿದ್ರೆ ಹುಡುಕ್ಬೇಕಾದ ಜಾಗ ಹತ್ತು ಪಟ್ಟು ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ.

ಫೋನು ಮತ್ತೆ ಸ್ಯಾಟಲೈಟ್ ಕಥೆ

ಇಂಗ್ಲಿಷ್ ಗೈಡ್‌ಗಳಲ್ಲೆಲ್ಲಾ ಗಾರ್ಮಿನ್ ಇನ್‌ರೀಚ್ ಅನ್ನೋ ಸ್ಯಾಟಲೈಟ್ ಮೆಸೆಂಜರ್ ತಗೊಳ್ಳಿ, ಬಟನ್ ಒತ್ತಿದ್ರೆ ಹೆಲಿಕಾಪ್ಟರ್ ಬರುತ್ತೆ ಅಂತಾರೆ. ಅಣ್ಣಂದಿರಾ ಅಕ್ಕಂದಿರಾ, ಇಂಡಿಯಾದಲ್ಲಿ ಪರ್ಮಿಷನ್ ಇಲ್ದೆ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಇಟ್ಕೊಳ್ಳೋದು ಅಪರಾಧ. 2024ರ ಕೊನೇಲಿ, 2025ರ ಶುರುವಲ್ಲಿ ಗೋವಾ, ಡೆಲ್ಲಿ ಏರ್‌ಪೋರ್ಟ್‌ಗಳಲ್ಲಿ ಬ್ಯಾಗಲ್ಲಿ ಇನ್‌ರೀಚ್ ಇತ್ತು ಅಂತಾನೇ ವಿದೇಶಿ ಚಾರಣಿಗರನ್ನ ಹಿಡಿದಿದ್ರು. ಅಮೆರಿಕದಿಂದ ಬರೋ ಕಸಿನ್ ಹತ್ರ ತರ್ಸ್ಕೊಳ್ಳೋ ಐಡಿಯಾ ಇದ್ರೆ ಬಿಟ್ಬಿಡಿ, ಅವನೂ ಸಿಕ್ಕಾಕ್ಕೋತಾನೆ. ತಮಾಷೆ ಏನಂದ್ರೆ ಹಡಗು, ವಿಮಾನ ಮುಳುಗ್ವಾಗ ಕಳಿಸೋ 406 ಮೆಗಾಹರ್ಟ್ಸ್ ಅಪಾಯದ ಸಿಗ್ನಲ್‌ನ ಈ ದೇಶದಲ್ಲಿ ನೋಡ್ಕೊಳ್ಳೋ ಮುಖ್ಯ ಕೇಂದ್ರ ಇರೋದೇ ನಮ್ಮ ಬೆಂಗಳೂರಲ್ಲಿ, ಇಸ್ರೋದ ಇಸ್ಟ್ರ್ಯಾಕ್ ಅನ್ನೋ ಕಡೆ.

ಹಾಗಾಗಿ ನಮಗೆ ಇರೋದು ಮಾಮೂಲಿ ಫೋನೇ. ಬರ್ಶೈಣಿ ದಾಟಿದ ಮೇಲೆ ನೆಟ್‌ವರ್ಕ್ ನಂಬ್ಕೊಂಡು ಕೂರಬೇಡಿ. ಮ್ಯಾಪ್ ಮುಂಚೇನೇ ಡೌನ್‌ಲೋಡ್ ಮಾಡ್ಕೊಳ್ಳಿ, ಸಿಗ್ನಲ್ ಇಲ್ದಿದ್ರೂ ಜಿಪಿಎಸ್ ಕೆಲ್ಸ ಮಾಡುತ್ತೆ, ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಏರೋಪ್ಲೇನ್ ಮೋಡಲ್ಲಿ ಇಡಿ, ಇಲ್ಲಾಂದ್ರೆ ಫೋನು ಟವರ್ ಹುಡ್ಕಿ ಹುಡ್ಕಿ ಬ್ಯಾಟರಿ ತಿಂದ್ಹಾಕುತ್ತೆ. ಚಳೀಲಿ ಬ್ಯಾಟರಿ ಇಳಿಯೋದು ಬೇಗ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಕೊಂಡು ಮಲಗಿ. ಒಂದು ಕಡ್ಡಿ ಸಿಗ್ನಲ್ ಸಿಕ್ರೆ ಕಾಲ್ ಮಾಡೋಕೆ ಒದ್ದಾಡ್ಬೇಡಿ, ಎಸ್ಸೆಮ್ಮೆಸ್ ಹಾಕಿ, ಅದಕ್ಕೆ ಸಾಕಾಗುತ್ತೆ. 112 ಮಾತ್ರ ನಿಮ್ಮ ಕಂಪ್ನಿ ಸಿಗ್ನಲ್ ಇಲ್ದೆ ಬೇರೆ ಕಂಪ್ನಿದು ಇದ್ರೂ ಹೋಗುತ್ತೆ.

ದಾರಿಯಿಂದ ಪಕ್ಕಕ್ಕೆ ಹೋಗೋ ಆ ಐದು ನಿಮಿಷ

ಅಮೆರಿಕದ ಅಪ್ಪಲಾಚಿಯನ್ ಟ್ರೇಲಲ್ಲಿ 2013ರ ಜುಲೈಯಲ್ಲಿ 66 ವರ್ಷದ ಒಬ್ಬ ಹೆಂಗಸು ಕಾಣೆಯಾದ್ರು, ಟ್ರೇಲಲ್ಲಿ ಅವರಿಗೆ ಇಂಚ್‌ವರ್ಮ್ ಅಂತ ಅಡ್ಡಹೆಸ್ರು. ಅವರ ಗಂಡ ಮುಂದಿನ ರೋಡ್ ಕ್ರಾಸಿಂಗಲ್ಲಿ ಕಾರ್ ನಿಲ್ಲಿಸ್ಕೊಂಡು ಕಾಯ್ತಿದ್ರು. ಇವರು ಬಹಿರ್ದೆಸೆಗೆ ಅಂತ ದಾರಿ ಬಿಟ್ಟು ಪಕ್ಕಕ್ಕೆ ಹೋದೋರು ವಾಪಸ್ ದಾರಿ ಸಿಗ್ದೆ ಹೋಯ್ತು. ದಾರಿ ತಪ್ಪಿದೀನಿ ಅಂತ ಗಂಡನಿಗೆ ಮೆಸೇಜ್ ಮೇಲೆ ಮೆಸೇಜ್ ಹಾಕಿದ್ರು, ಸಿಗ್ನಲ್ ಇಲ್ದೆ ಒಂದೂ ಹೋಗ್ಲಿಲ್ಲ. ಸಿಗ್ನಲ್ ಸಿಗ್ಬಹುದು ಅಂತ ಮೇಲಕ್ಕೆ ಹತ್ತಿದ್ರು, ಇನ್ನೂ ದೂರ ಆದ್ರು. ದಟ್ಟ ಮರದ ಕೆಳಗೆ ಟೆಂಟ್ ಹಾಕ್ಕೊಂಡು ಮೂರು ವಾರದ ಮೇಲೆ ಬದುಕಿದ್ರು, ಡೈರಿ ಬರೀತಿದ್ರು. ಮೇಲಿಂದ ನೋಡೋರಿಗೆ ಟೆಂಟ್ ಕಾಣ್ಲಿಲ್ಲ, ನಾಯಿ ಕರ್ಕೊಂಡು ಹುಡುಕ್ತಿದ್ದೋರು ನೂರು ಗಜ ಹತ್ರ ಬಂದು ಹಾಗೇ ಹೋದ್ರು. 2015ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ಅಸ್ಥಿ ಮಾತ್ರ.

ಈ ಕೇಸ್ ಓದಿದ ಮೇಲೆ ನಾನು ಕೆಂಪು ರಿಬ್ಬನ್ ಸುತ್ತು ಇಲ್ದೆ ಎಲ್ಲಿಗೂ ಹೋಗಲ್ಲ. ಪಕ್ಕಕ್ಕೆ ಹೋಗೋ ಮುಂಚೆ ಬ್ಯಾಗು ದಾರೀಲೇ ಬಿಡ್ತೀನಿ ಅಂತ ಕೆಲವರು ಹೇಳ್ತಾರೆ, ಬೇಡ, ಕಳೆದುಹೋದ್ರೆ ಬ್ಯಾಗೂ ಇಲ್ಲ ನೀವೂ ಇಲ್ಲ. ಬ್ಯಾಗ್ ಬೆನ್ನ ಮೇಲೇ ಇರ್ಲಿ, ದಾರಿ ಅಂಚಲ್ಲಿ ಕೋಲು ಅಡ್ಡ ಇಡಿ, ಅಲ್ಲಿಂದ ಪ್ರತಿ ಹತ್ತು ಹೆಜ್ಜೆಗೆ ಕಣ್ಣೆತ್ತರಕ್ಕೆ ರಿಬ್ಬನ್ ಕಟ್ಕೊಂಡು ಹೋಗಿ, ಬರ್ತಾ ಬಿಚ್ಕೊಂಡು ಬನ್ನಿ. ನಮ್ಮಜ್ಜಿ ಸಕಲೇಶಪುರದ ಕಡೆಯೋರು, ಕಾಡಿಗೆ ಸೌದೆಗೆ ಹೋದ್ರೆ ದಾರಿಯುದ್ದಕ್ಕೂ ಸೊಪ್ಪು ಮುರಿದು ಹಾಕ್ಕೊಂಡು ಹೋಗ್ತಿದ್ರು, ಅದೇ ಇದು. ಅದ್ಯಾವ್ದೋ ಬಳ್ಳಿ ತುಳಿದ್ರೆ ದಿಕ್ಕು ತಪ್ಪಿ ಸುತ್ತಿದ ಜಾಗಾನೇ ಸುತ್ತುತ್ತಾರೆ ಅಂತಾನೂ ಅಜ್ಜಿ ಹೇಳೋರು. ಬಳ್ಳಿ ವಿಷ್ಯ ನಂಗೊತ್ತಿಲ್ಲ, ಸುತ್ತೋದು ಮಾತ್ರ ನಿಜ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯೋರು ಕಾಡಲ್ಲಿ, ಸಹಾರಾ ಮರಳುಗಾಡಲ್ಲಿ ಜನರನ್ನ ನೆಟ್ಟಗೆ ನಡೀರಿ ಅಂತ ಬಿಟ್ಟು ಜಿಪಿಎಸ್ ಹಾಕಿ ನೋಡಿದ್ರು, ಸೂರ್ಯ ಚಂದ್ರ ಕಾಣದೇ ಇದ್ದಾಗ ಅವರಿಗೆ ಗೊತ್ತಾಗದೇನೇ ವೃತ್ತ ಹೊಡೀತಿದ್ರು. ನಾನು ನೆಟ್ಟಗೇ ಹೋಗ್ತಿದೀನಿ ಅಂತ ಮನಸ್ಸು ಹೇಳ್ತಾನೇ ಇರುತ್ತೆ.

ಅದಕ್ಕೇ ದಾರಿ ತಪ್ಪಿತು ಅನ್ನಿಸಿದ ಕ್ಷಣ ಕೂತ್ಕೊಳ್ಳಿ. ನಿಜವಾಗ್ಲೂ ಕೂತ್ಕೊಳ್ಳಿ, ನೀರು ಕುಡೀರಿ, ಒಂದು ಚಿಕ್ಕಿ ತಿನ್ನಿ. ಹತ್ತು ನಿಮಿಷ ಆದ್ಮೇಲೆ ಕೊನೇ ಸಲ ದಾರಿ ಖಚಿತ ಇದ್ದ ಜಾಗ ಯಾವ್ದು ಅಂತ ನೆನಪಿಸ್ಕೊಳ್ಳಿ. ಅಲ್ಲಿಗೆ ಗುರುತು ಹಾಕ್ಕೊಂಡು ವಾಪಸ್ ಹೋಗೋಕಾಗುತ್ತೆ ಅಂದ್ರೆ ಹೋಗಿ, ಡೌಟ್ ಇದ್ರೆ, ಕತ್ತಲಾಗ್ತಿದ್ರೆ ಅಲ್ಲೇ ಇದ್ಬಿಡಿ. ಮನೇಲಿ ಹಾಳೆ ಇದೆ, ತಾರೀಖು ಇದೆ, ಯಾರೋ ಬಂದೇ ಬರ್ತಾರೆ ಅಂತ ಗೊತ್ತಿದ್ದೋರಿಗೆ ಮಾತ್ರ ಒಂದೇ ಕಡೆ ಕೂರೋ ಧೈರ್ಯ ಬರುತ್ತೆ. ಹಾಳೆ ಇಲ್ದೋನು ಓಡಾಡ್ತಾನೆ, ಯಾಕಂದ್ರೆ ಅವನಿಗೆ ಬೇರೆ ದಾರಿ ಇಲ್ಲ.

ಕೂತ ಮೇಲೆ ಕಾಣೋ ಹಾಗೆ, ಕೇಳೋ ಹಾಗೆ ಇರ್ಬೇಕು. ಮರದ ಕೆಳಗೆ ಬೆಚ್ಚಗಿರುತ್ತೆ ಸರಿ, ಆದ್ರೆ ಕಿತ್ತಳೆ ಬಣ್ಣದ ಮಳೆ ಕವರ್, ಫಾಯಿಲ್ ಬ್ಲ್ಯಾಂಕೆಟ್ ಏನಿದ್ರೂ ಬಯಲಲ್ಲಿ ಹಾಸಿ ಕಲ್ಲು ಇಡಿ. ಹೆಲಿಕಾಪ್ಟರ್ ಬಂದ್ರೆ ಎರಡೂ ಕೈ ಮೇಲೆತ್ತಿ ವೈ ಆಕಾರದಲ್ಲಿ ನಿಲ್ಲಿ, ಒಂದೇ ಕೈ ಎತ್ತಿ ಬೀಸಿದ್ರೆ ಪೈಲಟ್ ಹಾಯ್ ಅಂತ ಅಂದ್ಕೋಬಹುದು. ಶಬ್ದಕ್ಕೆ ವಿಶಲ್. ನಮ್ಮೂರ ಕಡೆ ತೋಟದಲ್ಲಿ ಕೂ ಹಾಕಿ ಕರೀತಾರಲ್ಲ, ಚೆನ್ನಾಗಿ ಕೇಳುತ್ತೆ, ಆದ್ರೆ ಅರ್ಧ ದಿನ ಕೂ ಹಾಕಿದ್ರೆ ಗಂಟಲು ಬಿದ್ದೋಗುತ್ತೆ, ಅದೂ ಅಲ್ದೆ ಪಾರ್ವತಿ ನದಿ ಪಕ್ಕ ನಿಂತ್ರೆ ಕೂಗಳತೆ ಅನ್ನೋದು ಹತ್ತು ಮಾರಿಗೆ ಇಳಿಯುತ್ತೆ. ಮೂರು ಸಲ ವಿಶಲ್, ಒಂದು ನಿಮಿಷ ಸುಮ್ನೆ, ಮತ್ತೆ ಮೂರು. ವಿಶಲ್ ಬ್ಯಾಗಿನ ತಳದಲ್ಲಿ ಅಲ್ಲ, ಕುತ್ತಿಗೇಲಿ ಇರ್ಲಿ.

ಆ ನದಿ

ಜಸ್ಟಿನ್ ಸಾಮಾನು ಸಿಕ್ಕಿದ್ದು ನದಿ ಕಡೆ ಅನ್ನೋದನ್ನ ಮರೀಬೇಡಿ. ಪಾರ್ವತಿ ಹಿಮನದಿ ನೀರು, ಬೆಳಿಗ್ಗೆ ಕಮ್ಮಿ ಇರುತ್ತೆ, ಬಿಸಿಲೇರ್ತಾ ಹಿಮ ಕರಗಿ ಮಧ್ಯಾಹ್ನದ ಮೇಲೆ ಉಕ್ಕುತ್ತೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಸಂಜೆ ಸೊಂಟಕ್ಕೆ ಬಂದಿರುತ್ತೆ, ಅದಕ್ಕೇ ಹಳ್ಳ ದಾಟೋ ಕೆಲ್ಸ ಎಲ್ಲಾ ಬೆಳಿಗ್ಗೆನೇ ಮುಗಿಸ್ಬೇಕು. ದಾಟೋವಾಗ ಬ್ಯಾಗಿನ ಸೊಂಟದ ಬೆಲ್ಟು ಬಿಚ್ಚಿಡಿ, ಬಿದ್ರೆ ಬ್ಯಾಗ್ ಕಳಚಿ ಹೋಗ್ಲಿ. ಮೇಲೆ ಪಾಂಡು ಪುಲ್ ಅಂತ ಇದೆ, ದೊಡ್ಡ ದೊಡ್ಡ ಬಂಡೆಗಳೇ ನದಿ ಮೇಲೆ ಸೇತುವೆ ಆಗಿ ಕೂತಿವೆ, ಪಾಂಡವರು ಇಟ್ಟಿದ್ದು ಅಂತಾರೆ, ಒದ್ದೆ ಇದ್ದಾಗ ಸೋಪಿನ ಹಾಗೆ ಜಾರುತ್ತೆ. ಫೋಟೋಗೆ ಅಂಚಿಗೆ ಹೋಗ್ಬೇಡಿ, ಒಬ್ರೇ ಇದ್ದಾಗ ಫೋಟೋ ತೆಗೆಯೋರೂ ಇಲ್ವಲ್ಲ.

ಅಷ್ಟು ತಣ್ಣೀರಿಗೆ ಬಿದ್ರೆ ಮೊದಲ ನಿಮಿಷ ಉಸಿರು ಹಿಡಿತಕ್ಕೇ ಬರಲ್ಲ, ಹತ್ತು ನಿಮಿಷದ ಒಳಗೆ ಕೈಕಾಲು ಮಾತು ಕೇಳಲ್ಲ. ಈಜು ಬರುತ್ತೆ ಅನ್ನೋದಕ್ಕೆಲ್ಲಾ ಅಲ್ಲಿ ಬೆಲೆ ಇಲ್ಲ. ಮುಳುಗಿದ ದೇಹ ಆ ಚಳೀಲಿ ಕೊಳೆತು ಉಬ್ಬಿ ಮೇಲೆ ಬರೋದು ತುಂಬಾ ತಡ, ಎಷ್ಟೋ ಸಲ ಬಂಡೆ ಸಂದೀಲಿ ಸಿಕ್ಕಾಕ್ಕೊಂಡು ಬರೋದೇ ಇಲ್ಲ. ನಾನು ಓದಿದ ಮಟ್ಟಿಗೆ ನಂಗನ್ಸೋದು ಆ ಕಣಿವೆಯ ಎಷ್ಟೋ ನಿಗೂಢಗಳಿಗೆ ಉತ್ತರ ಇಷ್ಟೇ ಇರಬಹುದು ಅಂತ. ಜಸ್ಟಿನ್ ಕೇಸಲ್ಲಿ ಇದೇ ಆಯ್ತು ಅಂತ ನಾನು ಹೇಳ್ತಿಲ್ಲ.

ಗುಂಪಲ್ಲಿ ಹೋದ್ರೆ ಇದೆಲ್ಲಾ ತಲೆನೋವೇ ಇಲ್ಲ ಅನ್ನೋರಿಗೆ ಒಂದು ಮಾತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್‌ಗೆ ಹೋಗಿದ್ದ, ಕರ್ನಾಟಕದೋರೇ ಜಾಸ್ತಿ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರ್ಕೊಂಡ್ರು. ಹಾಳೆ ಗುಂಪಲ್ಲಿ ಹೋಗೋರೂ ಬರೀಬೇಕು.

ಮನೇಲಿರೋರು ಮಾಡ್ಬೇಕಾದ್ದು

ಈ ಭಾಗ ಹೊರಡೋರು ಓದಿ ಮನೆಯೋರಿಗೆ ತೋರಿಸಿ. ಹಾಳೇಲಿರೋ ಟೈಮ್ ದಾಟಿದ ತಕ್ಷಣ 112ಕ್ಕೆ ಮಾಡಿ, ಆ ಜಿಲ್ಲೆಯ ವಿಪತ್ತು ನಿರ್ವಹಣಾ ಕೇಂದ್ರಕ್ಕೆ ಮಾಡಿ, ಅದರ ನಂಬರ್ 1077, ಬೇರೆ ರಾಜ್ಯದಿಂದ ಮಾಡೋದಾದ್ರೆ ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಿ. ಕುಲ್ಲು ಕಡೆ ಆದ್ರೆ ಮನಾಲಿಯ ಪರ್ವತಾರೋಹಣ ಸಂಸ್ಥೆಯೋರೂ ರೆಸ್ಕ್ಯೂಗೆ ಹೋಗ್ತಾರೆ, ಆ ನಂಬರೂ ಮೊದ್ಲೇ ಹಾಳೇಲಿ ಇರ್ಲಿ. ನಿಮ್ಮೂರ ಸ್ಟೇಷನ್ನಲ್ಲೂ ಮಿಸ್ಸಿಂಗ್ ಕಂಪ್ಲೇಂಟ್ ಕೊಡಿ. 24 ಗಂಟೆ ಕಾಯಿರಿ ಅಂತ ಯಾರಾದ್ರೂ ಅಂದ್ರೆ ಅಂಥ ಕಾನೂನು ಯಾವುದೂ ಇಲ್ಲ, ನಿಂತ್ಕೊಂಡು ಬರೆಸ್ಕೊಂಡೇ ಬನ್ನಿ.

ಅವರ ರೂಮ್ ಕ್ಲೀನ್ ಮಾಡ್ಬೇಡಿ. ಒಗೆಯದ ಬಟ್ಟೆ ಇದ್ರೆ ಮುಟ್ಟದೇ ಕವರಿಗೆ ಹಾಕಿಡಿ, ನಾಯಿಗೆ ವಾಸನೆ ಕೊಡೋಕೆ ಬೇಕು. ಬಾಚಣಿಗೆ, ಟೂತ್‌ಬ್ರಶ್ ಎತ್ತಿಡಿ, ಯಾಕೆ ಅಂತ ಬಾಯ್ಬಿಟ್ಟು ಹೇಳೋದು ಬೇಡ. ಅವರ ಫೋನಿಗೆ ನಿಮಿಷಕ್ಕೊಂದ್ಸಲ ಕಾಲ್ ಮಾಡ್ತಾ ಇರ್ಬೇಡಿ, ಆನ್ ಇದ್ರೆ ಅವರ ಬ್ಯಾಟರಿ ಹೋಗುತ್ತೆ, ಎಸ್ಸೆಮ್ಮೆಸ್ ಹಾಕಿ, "ಇದ್ದಲ್ಲೇ ಇರು, ಹುಡುಕೋಕೆ ಬರ್ತಿದಾರೆ" ಅಂತ. ಫೇಸ್‌ಬುಕ್ಕಲ್ಲಿ ಫೋಟೋ ಹಾಕಿದ ಮೇಲೆ ನೋಡಿದೀನಿ ಅನ್ನೋರು, ದುಡ್ಡು ಕೇಳೋರು, ಅಂಜನ ಹಾಕಿ ದಿಕ್ಕು ಹೇಳೋರು ಎಲ್ಲಾ ಬರ್ತಾರೆ, ಅದಕ್ಕೆಲ್ಲಾ ಉತ್ತರ ಕೊಡೋಕೆ ಮನೇಲಿ ಗಟ್ಟಿ ಮನಸ್ಸಿನ ಒಬ್ರನ್ನ ಕೂರಿಸಿ, ಅಪ್ಪ ಅಮ್ಮನ ನಂಬರ್ ಮಾತ್ರ ಹಾಕ್ಬೇಡಿ.

ಸಿಗದೇ ಹೋದ್ರೆ ಏನು ಅನ್ನೋದೂ ಹೇಳ್ಬಿಡ್ತೀನಿ, ಯಾರೂ ಹೇಳಲ್ಲ ಇದನ್ನ. ದೇಹ ಸಿಗ್ಲಿಲ್ಲ ಅಂದ್ರೆ ಡೆತ್ ಸರ್ಟಿಫಿಕೇಟ್ ಸಲೀಸಾಗಿ ಸಿಗಲ್ಲ. ಏಳು ವರ್ಷ ಸುದ್ದಿನೇ ಇಲ್ಲ ಅಂದ್ರೆ ಸತ್ತಿದ್ದಾರೆ ಅಂತ ಊಹಿಸಬಹುದು ಅನ್ನೋದು ನಮ್ಮ ಕಾನೂನು, ಹಳೇ ಸಾಕ್ಷ್ಯ ಕಾಯ್ದೇಲಿ 108ನೇ ಸೆಕ್ಷನ್ ಇತ್ತು, ಹೊಸದ್ರಲ್ಲೂ ಅದೇ ಏಳು ವರ್ಷ. ಅಲ್ಲಿವರೆಗೂ ಇನ್ಶೂರೆನ್ಸು, ಸೈಟು, ಬ್ಯಾಂಕು ಎಲ್ಲಾ ಕಡೆ ಹೆಂಡತಿ ಮಕ್ಕಳು ಅಲೀಬೇಕು. ಅಕೌಂಟ್‌ಗೆಲ್ಲಾ ನಾಮಿನಿ ಹಾಕಿದ್ಯಾ ಅಂತ ಟಿಕೆಟ್ ಬುಕ್ ಮಾಡೋ ದಿನಾನೇ ನೋಡಿ.

ಕೊನೇದು, ಸುಮಾರು ಜನ ಮರೆಯೋದು ಇದನ್ನೇ. ಕೆಳಗೆ ಇಳಿದು ಸಿಗ್ನಲ್ ಬಂದ ತಕ್ಷಣ ರೀಲ್ಸ್ ಹಾಕೋ ಮುಂಚೆ ಮನೆಗೆ ಫೋನ್ ಮಾಡಿ, ಹೋಗ್ತಾ ಹೆಸರು ಹೇಳಿ ಹೋಗಿದ್ರಲ್ಲ ಆ ಢಾಬಾದಣ್ಣನಿಗೂ ಬಂದೆ ಅಂತ ಹೇಳಿ ಹೋಗಿ, ಅವನು ಎರಡು ದಿನದಿಂದ ಹತ್ತೋ ದಾರಿ ಕಡೆ ನೋಡ್ತಾ ಇರ್ತಾನೆ.